ಸಂಘದ ಲೆಕ್ಕ ಊರು ಬಿಡುವ ಮುನ್ನ



ನಮ್ಮ ಸಂಘದ ಲೆಕ್ಕಪತ್ರದ ತಂತ್ರಾಂಶ ನೋಡಿಕೊಳ್ಳುವ ಕಂಪನಿ ಇರುವುದು ಬೆಂಗಳೂರಿನ ಜಯನಗರದಲ್ಲಿ. ಅವರ ಸರ್ವರ್ ಯಂತ್ರ ಜೆ.ಪಿ. ನಗರದ ಒಂದು ಮಹಡಿ ಕೋಣೆಯಲ್ಲಿದೆ. ನಮ್ಮ ಬೆಳೆಸಾಲ, ಠೇವಣಿ, ಗೊಬ್ಬರದ ಬಾಕಿ, ಅಡಿಕೆಯ ಮೇಲಿನ ಮುಂಗಡ, ಎಲ್ಲವೂ ಆ ಕೋಣೆಯಲ್ಲೇ. ಈಗ ಯಂತ್ರ ಹಳತಾಯಿತೆಂದೂ ಎಲ್ಲವನ್ನೂ 'ಕ್ಲೌಡ್'ಗೆ ಸಾಗಿಸುವುದಾಗಿಯೂ ಕಂಪನಿಯವರು ಪತ್ರ ಬರೆದಿದ್ದಾರೆ. ನನಗೆ ಇದಕ್ಕೆ ವಿರೋಧವಿಲ್ಲ. ಆದರೆ ಮೂರು ಪುಟದ ಆ ಯೋಜನೆಯಲ್ಲಿ ನಮ್ಮ ಹಂಗಾಮಿನ ಮಾತೇ ಇಲ್ಲ.

ಕ್ಲೌಡ್ ಎಂಬುದು ದೊಡ್ಡ ಕಂಪನಿಗಳ ಕಟ್ಟಡದಲ್ಲಿರುವ ಕಂಪ್ಯೂಟರುಗಳಲ್ಲಿ ಬಾಡಿಗೆಗೆ ಹಿಡಿಯುವ ಜಾಗ, ಅಷ್ಟೆ. ಅಮೆಜಾನಿನವರು ಇಂಥ ಕೇಂದ್ರಗಳನ್ನು 2016ರಲ್ಲಿ ಮುಂಬಯಿಯಲ್ಲೂ 2022ರಲ್ಲಿ ಹೈದರಾಬಾದಿನಲ್ಲೂ ತೆರೆದರು. ಮಹಡಿ ಕೋಣೆಗಿಂತ ಅವು ಭದ್ರವೆಂಬುದರಲ್ಲಿ ಸಂಶಯವಿಲ್ಲ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2022ರಲ್ಲಿ ಕೇಂದ್ರ ಸರ್ಕಾರ 2,516 ಕೋಟಿ ರೂಪಾಯಿಯ ಯೋಜನೆ ಮಂಜೂರು ಮಾಡಿದಾಗಲೂ ಕ್ಲೌಡ್ ಮೇಲಿನ ತಂತ್ರಾಂಶವನ್ನೇ ಆರಿಸಿತು.

ಆದರೆ 2024ರ ಜುಲೈ 31ನ್ನು ಮರೆಯಬಾರದು. ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಕಂಪನಿಯ ಮೇಲೆ ಸೈಬರ್ ದಾಳಿಯಾದ ಪ್ರಯುಕ್ತ, ಸುಮಾರು 300 ಸಣ್ಣ ಬ್ಯಾಂಕುಗಳನ್ನು ದೇಶದ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಮರುದಿನ ಸರಿಹೋಯಿತು, ಸಂತೋಷ. ಆದರೂ ಎಲ್ಲರ ಗಂಟೂ ಒಬ್ಬನ ಕೈಯಲ್ಲಿದ್ದರೆ ಏನಾಗುತ್ತದೆಂದು ಆ ದಿನ ಗೊತ್ತಾಯಿತು.

ಹಿರಿಯ ಕಾಫಿ ಬೆಳೆಗಾರರಿಗೆ ಇದು ಹೊಸತಲ್ಲ. 1996ರಲ್ಲಿ ಮುಕ್ತ ಮಾರಾಟ ಪೂರ್ತಿ ಬರುವ ತನಕ ಕಾಫಿ ಮಂಡಳಿಯ ಪೂಲಿಗೆ ಮೂಟೆ ಕೊಟ್ಟು, ರಶೀದಿ ಹಿಡಿದು, ಕಂತು ಕಂತಾಗಿ ಬರುವ ಹಣಕ್ಕೆ ಕಾದವರು ನಾವು. ಮೂಟೆ ಪರರ ಗೋದಾಮಿಗೆ ಹೋದ ಮೇಲೆ ಕೈಯಲ್ಲಿ ಉಳಿಯುವುದು ಚೀಟಿ ಮಾತ್ರ. ಆದ್ದರಿಂದ ಲೆಕ್ಕದ ಒಂದು ಪ್ರತಿ ಪ್ರತಿ ರಾತ್ರಿ ನಮ್ಮ ಸಂಘದ ಕಛೇರಿಗೂ ಬಂದು ಸೇರತಕ್ಕದ್ದು. ಸೇರಿದರೆ ಸಾಲದು, ತಿಂಗಳಿಗೊಮ್ಮೆ ಆ ಪ್ರತಿಯಿಂದಲೇ ನಾಲ್ಕೈದು ಸದಸ್ಯರ ಖಾತೆ ತೆಗೆದು ಪಾಸ್‌ಬುಕ್ಕಿನೊಡನೆ ತಾಳೆ ನೋಡಬೇಕು. ತೆರೆದು ನೋಡದ ಪ್ರತಿ ಇದ್ದರೂ ಇಲ್ಲದಂತೆಯೇ. ಮುಂದೆಂದಾದರೂ ಕಂಪನಿ ಬದಲಿಸಿದರೆ ಲೆಕ್ಕವನ್ನು ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ ಹಿಂದಿರುಗಿಸುವ ಕರಾರೂ ಬೇಕು.

ಇನ್ನು ಸಾಗಿಸುವ ಕಾಲ. ಕಂಪನಿಯವರು ಫೆಬ್ರವರಿ ಎಂದಿದ್ದಾರೆ. ಬೆಂಗಳೂರಿನವರಿಗೆ ಎಲ್ಲ ತಿಂಗಳೂ ಒಂದೇ ಇರಬಹುದು. ನಮಗೆ ಫೆಬ್ರವರಿಯೆಂದರೆ ರೋಬಸ್ಟಾ ಕೊಯ್ಲು, ಕೂಲಿ ಬಟವಾಡೆ, ಅದರ ಬೆನ್ನಿಗೇ ಮಾರ್ಚಿನ ಸಾಲ ಮರುಪಾವತಿ. ಶೂನ್ಯ ಬಡ್ಡಿಯ ಬೆಳೆಸಾಲಕ್ಕೆ ಕಟ್ಟಿದ ತಾರೀಖೇ ಜೀವಾಳ. ಯಂತ್ರದ ತೊಂದರೆಯಿಂದ ಜಮೆ ನಾಲ್ಕು ದಿನ ತಡವಾಗಿ ಗಡುವು ದಾಟಿದರೆ ಬಡ್ಡಿ ಬೀಳುವುದು ಸದಸ್ಯನ ತಲೆಯ ಮೇಲೆ. ಏಪ್ರಿಲಿನಲ್ಲಿ ಸಾಲ ನವೀಕರಣದ ಸಾಲು. ಜೂನಿನಿಂದ ಮಳೆ, ಮರ ಬಿದ್ದು ತಂತಿ ಹರಿದರೆ ಕರೆಂಟೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಅಕ್ಟೋಬರೇ ಸರಿ. ಅಡಿಕೆ ಕೊಯ್ಲು ಶುರುವಾಗಿರುತ್ತದೆ, ನಿಜ. ಆದರೆ ಸುಲಿದು, ಬೇಯಿಸಿ, ಒಣಗಿಸಿ ಸಂಘಕ್ಕೆ ತರಲು ಇನ್ನೂ ಸಮಯವಿರುತ್ತದೆ. ಕಾಫಿ ಹಣ್ಣಾಗಿರುವುದಿಲ್ಲ.

ಆಗಲೂ ಒಂದೇ ರಾತ್ರಿಯಲ್ಲಿ ಹಳೆಯದನ್ನು ಮುಚ್ಚಬಾರದು. ಮುದಿ ಅಡಿಕೆ ಮರಗಳ ನಡುವೆ ಸಸಿ ನೆಟ್ಟು, ಅವು ಫಲಕ್ಕೆ ಬರುವವರೆಗೆ ಹಳೆ ಮರ ಕಡಿಯದೆ ಬಿಡುತ್ತೇವಲ್ಲ, ಹಾಗೆ. ಮೊದಲು ಗೊಬ್ಬರದ ದಾಸ್ತಾನಿನ ಲೆಕ್ಕ ಹೋಗಲಿ, ಆಮೇಲೆ ಠೇವಣಿ, ಸಾಲದ ಖಾತೆ ಕಡೆಯಲ್ಲಿ. ಎರಡು ತಿಂಗಳು ಎರಡೂ ಕಡೆ ಬರೆದು ದಿನದ ಮೊತ್ತ ಕೂಡಿಬರಲಿ. ಗುಮಾಸ್ತರಿಗೆ ದುಪ್ಪಟ್ಟು ಕೆಲಸ. ಅದಕ್ಕೆ ಭತ್ಯೆ ಕೊಡೋಣ.

ಸೆಪ್ಟೆಂಬರಿನ ಮಹಾಸಭೆಯಲ್ಲಿ ಈ ವಿಷಯವನ್ನು ಎತ್ತಲಿದ್ದೇನೆ. ಸದಸ್ಯರು ಅದಕ್ಕೆ ಮೊದಲೇ ತಮ್ಮ ಪಾಸ್‌ಬುಕ್ ಬರೆಸಿಟ್ಟುಕೊಳ್ಳಬೇಕಾಗಿ ವಿನಂತಿ.