ಕಡಲಾಚೆ ಕಲಿತದ್ದು, ಉದ್ಯಮಬಾಗದಲ್ಲಿ ಹೇಳುವುದು

ಬೆಳಗಾವಿ ಪಕ್ಕದ ಹಿಂಡಲಗಾದಂಥ ಊರಲ್ಲೂ ಈಗ ಹೊರದೇಶಕ್ಕೆ ಓದಲು ಹೋದವರ ಸುದ್ದಿ ಅಪರೂಪವಲ್ಲ. ಒಬ್ಬರ ಮಗಳು ಇಂಗ್ಲೆಂಡಿನಲ್ಲಿ ಎಂಎಸ್ಸಿ ಮಾಡುತ್ತಿದ್ದಾಳೆ, ಇನ್ನೊಬ್ಬರ ಮಗ ಜರ್ಮನಿಯಲ್ಲಿ ಎಂಎಸ್ ಮುಗಿಸಿದ್ದಾನೆ. ಯಾವ ಪರೀಕ್ಷೆ ಬರೆಯಬೇಕು, ಯಾವ ಬ್ಯಾಂಕು ಸಾಲ ಕೊಡುತ್ತದೆ, ವೀಸಾಕ್ಕೆ ಏನೇನು ಕಾಗದ ಬೇಕು ಎಂದು ಹೇಳಿಕೊಡುವ ಕೇಂದ್ರಗಳು ಬೆಳಗಾವಿಯಲ್ಲಿ ಬೇಕಾದಷ್ಟಿವೆ. ತಿರುಗಿ ಬಂದವರಿಗೆ ಹೇಳಿಕೊಡುವವರು ಮಾತ್ರ ಕಾಣುವುದಿಲ್ಲ. ಮನೆಯವರು ಹೊಲ ಅಡವಿಟ್ಟು, ಬಂಗಾರ ಒತ್ತೆಯಿಟ್ಟು ಕಳಿಸಿದ ಮಕ್ಕಳು ಕೊನೆಗೆ ಇಲ್ಲಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಕಾರ್ಖಾನೆಯಲ್ಲೋ ಬೆಂಗಳೂರಿನ ಕಂಪನಿಯಲ್ಲೋ ಸಂದರ್ಶನಕ್ಕೆ ಕೂತಾಗ ಒಂದು ಪ್ರಶ್ನೆ ಎದುರಾಗುತ್ತದೆ: ಅಲ್ಲಿ ಗಳಿಸಿದ್ದನ್ನು ಇಲ್ಲಿ ನೌಕರಿ ಕೊಡುವವರಿಗೆ ಹೇಗೆ ಹೇಳಬೇಕು?

ನನ್ನ ನಿಲುವು ಇಷ್ಟು. ಹೊರದೇಶದ ಓದಿಗೆ ಬೆಲೆ ಬರುವುದು ದೇಶದ ಹೆಸರಿನಿಂದಲ್ಲ, ವಿಶ್ವವಿದ್ಯಾಲಯದ ಹೆಸರಿನಿಂದಲೂ ಅಲ್ಲ. ಅಲ್ಲಿ ಕೈಯಾರೆ ಏನು ಮಾಡಿದೆ, ಯಾರ ಜೊತೆ ಮಾಡಿದೆ, ಅದರಿಂದ ಈ ಕಾರ್ಖಾನೆಗೆ, ಈ ಆಸ್ಪತ್ರೆಗೆ, ಈ ಕಚೇರಿಗೆ ಏನಾದೀತು ಎಂಬ ನೇರ ಲೆಕ್ಕದಿಂದ ಬರುತ್ತದೆ. ಆ ಲೆಕ್ಕ ಕೊಡುವುದು ಕಲಿತು ಬಂದವರ ಹೊಣೆ. ಕೇಳಿ ತಿಳಿದುಕೊಳ್ಳುವುದು ನೌಕರಿ ಕೊಡುವವರ ಹೊಣೆ. ಎರಡರಲ್ಲಿ ಒಂದು ತಪ್ಪಿದರೂ ಮನೆಯವರ ದುಡ್ಡೂ ಹುಡುಗರ ವರ್ಷಗಳೂ ವ್ಯರ್ಥವಾಗುತ್ತವೆ.

ಊರಿನ ಹೆಸರಿಗೆ ತನ್ನಷ್ಟಕ್ಕೆ ಬೆಲೆಯಿಲ್ಲ ಎನ್ನಲು ಬೆಳಗಾವಿಯೇ ಸಾಕ್ಷಿ. ಯೂನಿವರ್ಸಿಟಿ ಸೈನ್ಸ್ ಮಲೇಷ್ಯಾ 2010ರಲ್ಲಿ ಕೆಎಲ್‌ಇ ಸಂಸ್ಥೆಯ ಜೊತೆಗೂಡಿ ಇಲ್ಲಿ ವೈದ್ಯಕೀಯ ಶಿಕ್ಷಣ ಆರಂಭಿಸಿತು. ಆ ದೇಶದ ಮಕ್ಕಳು ಇಲ್ಲಿಗೆ ಬಂದು ಓದಿ, ವೈದ್ಯರಾಗಿ ತಮ್ಮ ನಾಡಿಗೆ ಮರಳಿದರು. ನಮಗೆ ದಿನನಿತ್ಯದ ಊರಾದ ಬೆಳಗಾವಿ ಅವರ ಪಾಲಿಗೆ ವಿದೇಶ. ಅವರು ಮಲೇಷ್ಯಾದ ಆಸ್ಪತ್ರೆಯಲ್ಲಿ "ನಾನು ಬೆಳಗಾವಿಯಲ್ಲಿ ಓದಿದವನು" ಎಂದಷ್ಟೇ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಸುತ್ತಲಿನ ಹಳ್ಳಿಗಳಿಂದ ತುಂಬಿ ಬರುವ ರೋಗಿಗಳನ್ನು ವಾರ್ಡಿನಲ್ಲಿ ಕಂಡದ್ದು, ತಮಗೆ ಬಾರದ ಭಾಷೆಯಲ್ಲಿ ಅವರ ನೋವನ್ನು ಕೇಳಿ ತಿಳಿಯಲು ಪಾಡುಪಟ್ಟದ್ದು, ಇವನ್ನು ಹೇಳಿದರೆ ತಿಳಿಯುತ್ತದೆ. ಲಂಡನ್ನಿಗೂ ಮ್ಯೂನಿಕ್ಕಿಗೂ ಇದೇ ಮಾತು ಸಲ್ಲುತ್ತದೆ.

ಉದ್ಯಮಬಾಗದ ಒಂದು ಫೌಂಡ್ರಿಯ ಕಚೇರಿಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಜರ್ಮನಿಯಿಂದ ಬಂದ ಹುಡುಗನ ಅರ್ಜಿ ಮೇಜಿನ ಮೇಲಿದೆ. ಅದರಲ್ಲಿ "ಜಾಗತಿಕ ದೃಷ್ಟಿಕೋನ", "ತಂಡದಲ್ಲಿ ದುಡಿಯುವ ಸಾಮರ್ಥ್ಯ", "ಬಹುಸಂಸ್ಕೃತಿಯ ಅನುಭವ" ಎಂದೆಲ್ಲ ಬರೆದಿದೆ. ಮಾಲೀಕರು ಅದನ್ನು ಓದಿ ಪಕ್ಕಕ್ಕಿಟ್ಟು, "ಅದೆಲ್ಲ ಖರೇ ತಮ್ಮಾ, ನೀ ಅಲ್ಲಿ ಏನ್ ಮಾಡ್ದಿ ಅದನ್ನ ಹೇಳು" ಎನ್ನುತ್ತಾರೆ. ಇಡೀ ವಿಷಯದ ತಿರುಳು ಈ ಒಂದು ಮಾತಿನಲ್ಲಿದೆ.

ಹುಡುಗ ಹೀಗೆ ಹೇಳಿದನೆಂದುಕೊಳ್ಳಿ: "ಸರ್, ಅಲ್ಲಿ ಒಂದು ಫೌಂಡ್ರಿಯಲ್ಲಿ ಆರು ತಿಂಗಳು ಇಂಟರ್ನ್‌ಶಿಪ್ ಮಾಡಿದೆ. ಪಂಪ್ ಬಾಡಿಯ ಕಾಸ್ಟಿಂಗ್‌ನಲ್ಲಿ ಬ್ಲೋಹೋಲ್ ಬಂದು ಮಾಲು ವಾಪಸ್ ಬರುತ್ತಿತ್ತು. ಪ್ರತಿ ಶಿಫ್ಟಿನಲ್ಲಿ ಮರಳಿನ ಮಾಯಿಶ್ಚರ್, ಕೋರಿನ ವೆಂಟ್, ಪೋರಿಂಗ್ ಟೆಂಪರೇಚರ್ ಮೂರನ್ನೂ ಬರೆದಿಟ್ಟೆ. ರಾತ್ರಿ ಶಿಫ್ಟಿನ ಕೋರುಗಳು ಪೂರ್ತಿ ಒಣಗಿರಲಿಲ್ಲ ಅನ್ನೋದು ಆ ಲೆಕ್ಕದಿಂದ ಗೊತ್ತಾಯಿತು. ಗಿರಾಕಿಗೆ ಕಳಿಸುವ 8ಡಿ ವರದಿಯ ಕರಡು ನಾನು ಬರೆದೆ, ತಿದ್ದಿದವರು ನನ್ನ ಸೂಪರ್‌ವೈಸರ್." ಈ ಉತ್ತರದಲ್ಲಿ ಜಾಗತಿಕತೆಯ ಮಾತೇ ಇಲ್ಲ. ಆದರೆ ಮಾಲೀಕರಿಗೆ ಬೇಕಾದದ್ದು ಪೂರ್ತಿ ಇದೆ. ಎರಕದಲ್ಲಿ ಗಾಳಿ ಸಿಕ್ಕಿ ಉಳಿಯುವ ತೂತು, ಅಂದರೆ ಬ್ಲೋಹೋಲ್, ಅವರ ದಿನನಿತ್ಯದ ತಲೆನೋವು. ದೋಷ ಎಲ್ಲಿಂದ ಬಂತೆಂದು ಎಂಟು ಹಂತಗಳಲ್ಲಿ ಹುಡುಕಿ, ಮತ್ತೆ ಬಾರದಂತೆ ಏನು ಮಾಡಿದೆವೆಂದು ತಿಳಿಸುವ 8ಡಿ ವರದಿಯನ್ನು ಹೊರದೇಶದ ಗಿರಾಕಿಗಳು ಅವರಿಂದಲೂ ಕೇಳುತ್ತಾರೆ. "ತಿದ್ದಿದವರು ನನ್ನ ಸೂಪರ್‌ವೈಸರ್" ಎಂಬ ಕೊನೆಯ ಮಾತು ಹುಡುಗನ ತೂಕ ಇಳಿಸುವುದಿಲ್ಲ. ತನ್ನ ಪಾಲು ಎಷ್ಟು, ಇತರರ ಪಾಲು ಎಷ್ಟು ಎಂದು ಬಿಡಿಸಿ ಹೇಳುವವನನ್ನೇ ಅನುಭವಸ್ಥರು ನಂಬುವುದು.

ಇಂಥ ಅನುಭವಕ್ಕೆ ಈ ಸೀಮೆಯಲ್ಲಿ ಕೆಲಸವೂ ಇದೆ. ಬೆಳಗಾವಿಯ ಫೌಂಡ್ರಿಗಳೂ ಮಶೀನ್ ಶಾಪುಗಳೂ ದೇಶದೊಳಗಿನ ಕಂಪನಿಗಳಿಗಷ್ಟೇ ಅಲ್ಲ, ಹೊರದೇಶಗಳಿಗೂ ಮಾಲು ಕಳಿಸುತ್ತವೆ. ಪುಣೆ ಹೆದ್ದಾರಿಯ ಮೇಲಿನ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ವಿಮಾನದ ಒಂದು ಭಾಗ ಸರಿಯಾಗಿ ತಯಾರಾದರೆ ಸಾಲದು. ಅದು ಯಾವ ಲೋಹದ್ದು, ಯಾವ ಯಂತ್ರದ ಮೇಲೆ ಯಾರು ಕಡೆದದ್ದು, ಯಾರು ಅಳೆದದ್ದು ಎಂಬ ದಾಖಲೆ ಅದರ ಬೆನ್ನಿಗೇ ಹೋಗಬೇಕು. ಅಳತೆ ತಪ್ಪಿದಾಗ ಮುಚ್ಚಿಡದೆ ಬರೆಯುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು, ಮೇಲಿನವರಿಗೆ ವಿನಯದಿಂದಲೇ ಭಿನ್ನ ಅಭಿಪ್ರಾಯ ಹೇಳುವುದು, ಇಂಥ ಅಭ್ಯಾಸಗಳನ್ನು ಒಳ್ಳೆಯ ಪ್ರಯೋಗಾಲಯದಲ್ಲಿ ಕಲಿತು ಬಂದವರಿಗೆ ಅದೇ ದೊಡ್ಡ ಬಂಡವಾಳ. ಆದರೆ ಅದನ್ನು ಗುಣವಾಚಕಗಳಲ್ಲಿ ಹೇಳಿದರೆ ಬರಿ ಬಡಾಯಿ. ಒಂದು ಸಂದರ್ಭ ಹಿಡಿದು ಹೇಳಿದರೆ ಸಾಕ್ಷಿ.

ಹಿಂದಿನವರನ್ನು ನೋಡಿದರೂ ಇದೇ ಕಾಣುತ್ತದೆ. ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಜಾಗ ಬಿಡಬೇಕಾಗಿ ಬಂದಾಗ 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ 1926ರಲ್ಲಿ ಪದವಿ ಪಡೆದು ಬಂದರು. ಅವರಿಗೆ ಅರ್ಜಿ ಬರೆಯುವ ಅಗತ್ಯ ಇರಲಿಲ್ಲ ನಿಜ. ಆದರೆ ಅವರ ನಿಜವಾದ ಪರೀಕ್ಷಕರು ಕಿರ್ಲೋಸ್ಕರವಾಡಿಯ ಕೆಲಸಗಾರರು, ಯಂತ್ರ ಕೊಳ್ಳುವ ರೈತರು. ಕಬ್ಬಿಣದ ನೇಗಿಲು ಹೂಡಿದರೆ ಭೂಮಿಗೆ ವಿಷ ಏರುತ್ತದೆ ಎಂದು ಹೆದರಿದ ರೈತರಿದ್ದ ಕಾಲದಲ್ಲಿ ಆ ಉದ್ಯಮ ಬೆಳೆದು ಬಂದಿತ್ತು. ಅಂಥ ರೈತನ ಮುಂದೆ ಅಮೆರಿಕದ ಪದವಿಪತ್ರ ಹಿಡಿದರೆ ಏನು ಫಲ? ಯಂತ್ರ ಕೆಲಸ ಮಾಡಬೇಕು, ಕೆಟ್ಟರೆ ರಿಪೇರಿಯಾಗಬೇಕು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ ಬಂದವು. ಹರಿಹರದ ಲೇಥುಗಳೂ ಹೊಲಗಳಲ್ಲಿ ನೀರೆತ್ತಿದ ಎಂಜಿನುಗಳೂ ಜನರ ಕಣ್ಣಿಗೆ ಬಿದ್ದವೇ ಹೊರತು ಪದವಿಪತ್ರವಲ್ಲ.

ಗೋಕಾಕ ತಾಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರದು ಇನ್ನೊಂದು ದಾರಿ. ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದವರು. ಅಲ್ಲಿನ ಗಣಿತ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದವರಿಗೆ ಸಿಗುವ ಆ ಬಿರುದೊಂದೇ ಆ ಕಾಲಕ್ಕೆ ಜೀವನವಿಡೀ ಗೌರವಕ್ಕೆ ಸಾಕಾಗುತ್ತಿತ್ತು. ಆದರೂ ಉತ್ತರ ಕರ್ನಾಟಕ ಅವರನ್ನು ನೆನೆಯುವುದು ಮುಖ್ಯವಾಗಿ ಧಾರವಾಡದ ಗುಡ್ಡದ ಮೇಲೆ ಎದ್ದು ನಿಂತ ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ. 1954ರಿಂದ 1967ರವರೆಗೆ ಅದರ ಕುಲಪತಿಯಾಗಿ ಅವರು ಅದನ್ನು ಕಟ್ಟಿ ಬೆಳೆಸಿದರು. ಒಳ್ಳೆಯ ವಿಶ್ವವಿದ್ಯಾಲಯದಲ್ಲಿ ಓದಿದವರು ಇನ್ನೊಂದು ಒಳ್ಳೆಯ ವಿಶ್ವವಿದ್ಯಾಲಯ ಕಟ್ಟಿದರು. ಓದಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇರೆ ಇಲ್ಲ.

ಕಲಿತು ಬಂದವರು ಹೇಳಲು ಹಿಂಜರಿಯುವ ಒಂದು ಸಂಗತಿಯೂ ಇದೆ. ಬ್ರಿಟನ್ನಿನಲ್ಲಿ ಪದವಿ ಓದುವ ಹೊರದೇಶದ ವಿದ್ಯಾರ್ಥಿಗೆ ತರಗತಿ ನಡೆಯುವ ದಿನಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ದುಡಿಯಲು ಅನುಮತಿಯಿದೆ. ನಮ್ಮ ಮಕ್ಕಳು ಆ ಹೊತ್ತಿನಲ್ಲಿ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾರೆ, ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾರೆ, ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುತ್ತಾರೆ. ಊರಿಗೆ ಬಂದ ಮೇಲೆ ಇದನ್ನು ಮನೆಯಲ್ಲೂ ಹೇಳುವುದಿಲ್ಲ, ಅರ್ಜಿಯಲ್ಲೂ ಬರೆಯುವುದಿಲ್ಲ. "ಇಷ್ಟು ಖರ್ಚು ಮಾಡಿ ಕಳಿಸಿದ್ದು ಮುಸುರೆ ತಿಕ್ಕೋಕಾ?" ಎಂದು ನೆಂಟರು ಕೇಳಿಯಾರು ಎಂಬ ಅಂಜಿಕೆ. ಈ ಅಂಜಿಕೆಯ ಬೇರು ನಮ್ಮ ಸಮಾಜದಲ್ಲಿದೆ. ಕೈಕೆಲಸವನ್ನು ಕೀಳೆಂದು, ಮಾಡುವವರ ಜಾತಿಯೊಂದಿಗೆ ಗಂಟು ಹಾಕಿ ನೋಡಿದ ಸಮಾಜ ನಮ್ಮದು. ತನ್ನ ಅನ್ನ ತಾನೇ ದುಡಿದು ಓದು ಮುಗಿಸಿದ ಹುಡುಗಿಗೆ ಅದು ಹೆಮ್ಮೆಯ ವಿಷಯವಾಗಬೇಕು. ಹಾಗೆಂದು ಪಾತ್ರೆ ತೊಳೆದದ್ದಕ್ಕೆ "ಆತಿಥ್ಯ ನಿರ್ವಹಣೆ" ಎಂದು ಹೆಸರಿಡಬೇಕಿಲ್ಲ. ಹೇಳುವಂಥದ್ದು ಇದ್ದರೆ ಇದ್ದ ಹಾಗೆ ಹೇಳಲಿ: ಓದಿನ ಜೊತೆಗೆ ಎರಡು ವರ್ಷ ಪಾಳಿ ತಪ್ಪಿಸದೆ ದುಡಿದೆ, ಬಾಡಿಗೆ ನಾನೇ ಕಟ್ಟಿದೆ, ಕೊನೆಗೆ ಹೊಸಬರಿಗೆ ಕೆಲಸ ಕಲಿಸುವ ಹೊಣೆ ನನಗೇ ಕೊಟ್ಟರು. ಜನರನ್ನು ನಡೆಸಿಕೊಂಡು ಹೋಗುವ ಕೆಲಸಕ್ಕೆ ಅರ್ಜಿ ಹಾಕಿದವಳ ಬಾಯಲ್ಲಿ ಇದು ಬಲವಾದ ಮಾತು.

ಮಾತಿಗೆ ಕಾಗದದ ಆಧಾರವೂ ಬೇಕು. ಜರ್ಮನಿಯಲ್ಲಿ ಕೆಲಸ ಬಿಡುವ ನೌಕರನಿಗೆ ಮಾಲೀಕರಿಂದ ಲಿಖಿತ ಸೇವಾಪತ್ರ ಪಡೆಯುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಅದರಲ್ಲಿ ಮಾಡಿದ ಕೆಲಸದ ವಿವರವೂ ಇರುತ್ತದೆ, ಕೇಳಿದರೆ ನಡತೆ ಮತ್ತು ಕೆಲಸದ ಗುಣಮಟ್ಟದ ಮಾತೂ ಇರುತ್ತದೆ. ಅದನ್ನು ಕೇಳಿ ಪಡೆಯದೆ ವಿಮಾನ ಹತ್ತಬಾರದು. ಪ್ರಬಂಧದ ಸಾರಾಂಶ, ಪ್ರಾಜೆಕ್ಟಿನ ವರದಿ, ಮಾರ್ಗದರ್ಶಕರ ಪತ್ರ ಇವನ್ನೂ ಅಲ್ಲಿರುವಾಗಲೇ ಕೂಡಿಸಿಡಬೇಕು. ಕಂಪನಿಯ ಗುಟ್ಟಿನ ಕಾಗದಗಳನ್ನು ಮಾತ್ರ ತರಬಾರದು. ಇನ್ನೊಬ್ಬರ ಗುಟ್ಟು ತೋರಿಸಿ ನೌಕರಿ ಕೇಳುವವರು ನಾಳೆ ನಮ್ಮ ಗುಟ್ಟನ್ನೂ ತೋರಿಸುತ್ತಾರೆ ಎಂದು ಯಾವ ಮಾಲೀಕರಿಗಾದರೂ ಅನಿಸುತ್ತದೆ. ಇನ್ನು ಕೆಲವು ವೃತ್ತಿಗಳಲ್ಲಿ ವಿವರಣೆಗಿಂತ ಮೊದಲು ಪರವಾನಗಿ ಬೇಕು. ಹೊರದೇಶದಲ್ಲಿ ಎಂಬಿಬಿಎಸ್ ಓದಿದವರು ಎಫ್ಎಂಜಿಇ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಪಡೆದೇ ಮುಂದೆ ಹೋಗಬೇಕು. ಒಂದು ವರ್ಷದ ಬ್ರಿಟಿಷ್ ಸ್ನಾತಕೋತ್ತರ ಪದವಿಗೆ ಇಲ್ಲಿ ಮಾನ್ಯತೆಯ ತೊಡಕು ಬಹುಕಾಲ ಇತ್ತು. 2022ರ ಜುಲೈನಲ್ಲಿ ಎರಡೂ ದೇಶಗಳು ಪದವಿಗಳ ಪರಸ್ಪರ ಮಾನ್ಯತೆಗೆ ಒಪ್ಪಂದ ಮಾಡಿಕೊಂಡವು. ಹೊರದೇಶದ ಪದವಿಗೆ ಸಮಾನತೆ ಕೊಡುವ ನಿಯಮಗಳನ್ನು ಯುಜಿಸಿ 2025ರಲ್ಲಿ ಹೊರಡಿಸಿತು. ಸರ್ಕಾರಿ ಹುದ್ದೆಗೋ ಅಧ್ಯಾಪಕ ಹುದ್ದೆಗೋ ಹೋಗುವವರು ಈ ಕಾಗದಗಳನ್ನು ಮೊದಲು ಸರಿಮಾಡಿಕೊಳ್ಳಲಿ.

ನೌಕರಿ ಕೊಡುವವರ ಅನುಮಾನಗಳನ್ನೂ ನ್ಯಾಯವಾಗಿ ತೂಗಬೇಕು. "ಇವ ಮತ್ತ ಹಾರಿ ಹೋಗ್ತಾನ", "ಇಲ್ಲಿ ಮಂದಿ ಜೋಡಿ ಇವಗ ಹೊಂದಾಣಿಕಿ ಆಗೂದಿಲ್ಲ" ಎಂಬ ಮಾತುಗಳು ಪೂರ್ತಿ ಸುಳ್ಳಲ್ಲ. ಕಲಿಸಿ ತಯಾರು ಮಾಡಿದ ಹುಡುಗ ಆರು ತಿಂಗಳಿಗೆ ಬಿಟ್ಟುಹೋದರೆ ಸಣ್ಣ ಕಾರ್ಖಾನೆಗೆ ಅದು ದೊಡ್ಡ ಪೆಟ್ಟು. ಇದಕ್ಕೆ ಉತ್ತರ ಆಣೆ ಪ್ರಮಾಣವಲ್ಲ. ಎಷ್ಟು ಕಾಲ ಇರುತ್ತೇನೆ, ಯಾಕೆ ತಿರುಗಿ ಬಂದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವುದು. ಹೊಂದಾಣಿಕೆಯ ವಿಷಯದಲ್ಲಂತೂ ಗಡಿನಾಡಿನ ಮಕ್ಕಳ ಕೈಯಲ್ಲಿ ಒಂದು ಶಕ್ತಿಯಿದೆ, ಅದನ್ನು ಅವರೇ ಗಮನಿಸುವುದಿಲ್ಲ. ಮನೆಯಲ್ಲಿ ಕನ್ನಡ ಅಥವಾ ಮರಾಠಿ, ಅಂಗಡಿಯಲ್ಲಿ ಎರಡೂ, ಕಾರ್ಖಾನೆಯಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್ ಬಳಸಿ ಬೆಳೆದವರು ಇವರು. ಜರ್ಮನ್ ಗಿರಾಕಿಯ ಪತ್ರವನ್ನು ಬೆಳಿಗ್ಗೆ ಓದಿ, ಮಧ್ಯಾಹ್ನ ಮೋಲ್ಡಿಂಗ್ ವಿಭಾಗದ ಕೆಲಸಗಾರರಿಗೆ ಅವರ ಮಾತಿನಲ್ಲೇ ತಿಳಿಸಬಲ್ಲವರು ಬೆಳಗಾವಿಯ ಕಾರ್ಖಾನೆಗಳಿಗೆ ಬೇಕು. ಅಂಥವರಾಗಲು ಹೊರದೇಶದ ಓದು ಅರ್ಧ, ಹಿಂಡಲಗಾದ ಬಾಲ್ಯ ಇನ್ನರ್ಧ. ಅರ್ಜಿಯಲ್ಲಿ ಎರಡೂ ಇರಲಿ.

ದೂರದಲ್ಲಿ ಗಳಿಸಿದ್ದನ್ನು ಇಲ್ಲಿ ಹೇಳುವ ಕಷ್ಟ ವಿದ್ಯಾರ್ಥಿಗಳದಷ್ಟೇ ಅಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿದೆ. ಹಿಂಡಲಗಾ, ಗಣೇಶಪುರದ ಕಡೆ ನಿವೃತ್ತ ಸೈನಿಕರ ಮನೆಗಳಿವೆ. ಗಡಿಯಲ್ಲಿ ವರ್ಷಗಟ್ಟಲೆ ವಾಹನ, ವೈರ್‌ಲೆಸ್, ಸರಂಜಾಮು ನೋಡಿಕೊಂಡ ಸುಬೇದಾರರು ಊರಿಗೆ ಬಂದು ನೌಕರಿ ಕೇಳಿದರೆ ಬಹಳ ಕಡೆ ತೋರಿಸುವುದು ಸೆಕ್ಯುರಿಟಿ ಗಾರ್ಡಿನ ಕುರ್ಚಿ. ದೂರದಲ್ಲಿ ಗಳಿಸಿದ ಅನುಭವವನ್ನು ಬಿಡಿಸಿ ಕೇಳುವ ವ್ಯವಧಾನ ನಮಗಿಲ್ಲದಿದ್ದರೆ ಹೀಗೆ ಆಗುತ್ತದೆ.

ಕೇಳುವ ಮನಸ್ಸೇ ಇಲ್ಲದ ಕಡೆ ಎಷ್ಟು ಚೆನ್ನಾಗಿ ಹೇಳಿದರೂ ಫಲವಿಲ್ಲ. ಅಂಬೇಡ್ಕರರು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಕೊಲಂಬಿಯಾಕ್ಕೆ ಹೋದರು, ಅಲ್ಲಿಂದ ಲಂಡನ್ನಿಗೆ. 1917ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಬಂದಾಗ ಅವರಷ್ಟು ಓದಿದವರು ಆ ಕಚೇರಿಯಲ್ಲಿ ಎಷ್ಟು ಮಂದಿ ಇದ್ದಿರಬಹುದು? ಆದರೂ ಜಾತಿಯ ಕಾರಣಕ್ಕೆ ಊರಲ್ಲಿ ಇರಲು ಒಂದು ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಿಂದ ಹೊರಹಾಕಿದರು, ಬರೋಡಾ ಬಿಡಬೇಕಾಯಿತು. ಅಲ್ಲಿ ಕೊರತೆ ಇದ್ದದ್ದು ಕಲಿತು ಬಂದವರಲ್ಲಲ್ಲ. ಇಂದು ರಾಜ್ಯ ಸರ್ಕಾರದ ‘ಪ್ರಬುದ್ಧ’ದಂಥ ಯೋಜನೆಗಳ ನೆರವಿನಿಂದ ಪರಿಶಿಷ್ಟ ಸಮುದಾಯಗಳ ಮಕ್ಕಳು ಹೊರದೇಶಕ್ಕೆ ಹೋಗುತ್ತಿದ್ದಾರೆ. ಅವರು ಮರಳಿ ಬಂದಾಗ ಸಂದರ್ಶನದ ಮೇಜಿನಾಚೆ ಕೂತವರು ಮೊದಲು ಅಡ್ಡಹೆಸರು ನೋಡುತ್ತಾರೋ ಕೆಲಸದ ಲೆಕ್ಕ ನೋಡುತ್ತಾರೋ ಎಂಬುದು ನಮ್ಮೆಲ್ಲರ ಪರೀಕ್ಷೆ.

ಆದ್ದರಿಂದ ಮಾಲೀಕರಲ್ಲಿ ನನ್ನ ವಿನಂತಿ: ಹೊರದೇಶದ ಪದವಿಗೆ ಮರುಳಾಗಬೇಡಿ, ಅನುಮಾನದಿಂದ ತಳ್ಳಲೂಬೇಡಿ. ನಿಮ್ಮ ಕಾರ್ಖಾನೆಯ ಒಂದು ನಿಜವಾದ ಸಮಸ್ಯೆ ಮುಂದಿಟ್ಟು, ಹೇಗೆ ಯೋಚಿಸುತ್ತಾರೆ ನೋಡಿ. ಕಾಲೇಜುಗಳಲ್ಲಿ ನನ್ನ ವಿನಂತಿ: ವಿಟಿಯು ಇರುವ ಊರು ಇದು, ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. ಹೊರಗೆ ಹೋಗುವವರಿಗೆ ಮಾಹಿತಿ ಕೊಟ್ಟ ಹಾಗೆ, ತಿರುಗಿ ಬಂದ ಹಳೆಯ ವಿದ್ಯಾರ್ಥಿಗಳನ್ನು ಉದ್ಯಮಬಾಗದ, ಮಚ್ಛೆಯ ಮಾಲೀಕರೊಡನೆ ಒಂದು ದಿನ ಕೂರಿಸಿ. ಕಲಿತು ಬಂದವರಿಗೆ ಹೇಳುವುದು ಒಂದೇ: ಎಲ್ಲಿಗೆ ಹೋಗಿದ್ದೆ ಎಂಬುದು ನಿಮ್ಮ ಮನೆಯವರ ತ್ಯಾಗದ ಕತೆ, ಅದಕ್ಕೆ ಮನೆಯಲ್ಲಿ ಗೌರವವಿರಲಿ. ನೌಕರಿ ಕೊಡುವವರ ಮುಂದೆ ನೀವು ಮಾಡಿದ ಕೆಲಸವನ್ನು ಹೇಳಿ, ಮಾಡಬಲ್ಲದ್ದನ್ನು ಹೇಳಿ, ಬಾರದ್ದನ್ನು ಬಾರದು ಎನ್ನಿ. ಅಷ್ಟು ಪ್ರಾಮಾಣಿಕವಾಗಿ ಲೆಕ್ಕ ಕೊಟ್ಟವರನ್ನು ಬೆಳಗಾವಿ ಬಿಟ್ಟುಕೊಟ್ಟರೆ ನಷ್ಟ ಬೆಳಗಾವಿಗೇ.