ಭಟ್ಟಿಮನೆಯಲ್ಲಿ ಫೋನ್ ಯಾಕೆ ಬೇಡ

ಸ್ಕಾಟ್ಲೆಂಡಿನ ವಿಸ್ಕಿ ಡಿಸ್ಟಿಲರಿ ನೋಡಿಬಂದವರ ಬಾಯಲ್ಲಿ ಒಂದೇ ದೂರು: ತಾಮ್ರದ ದೊಡ್ಡ ಭಟ್ಟಿಗಳ ಮುಂದೆ ನಿಲ್ಲುವ ಹೊತ್ತಿಗೆ ಸರಿಯಾಗಿ ಗೈಡು ಫೋನ್ ಆಫ್ ಮಾಡಿಸಿದ. ಅವರ ವಾದಗಳಲ್ಲಿ ಕೆಲವು ಪೊಳ್ಳು, ಒಂದೆರಡು ಗಟ್ಟಿ.

“ಪೆಟ್ರೋಲ್ ಬಂಕಿನಲ್ಲಿ ಪಂಪಿನ ಪಕ್ಕದಲ್ಲೇ ಸ್ಕ್ಯಾನ್ ಮಾಡಿ ದುಡ್ಡು ಕೊಡ್ತೀವಲ್ಲ, ಏನಾಗಿದೆ?” ಇದು ಗಟ್ಟಿ ವಾದ. ಫೋನಿನಿಂದ ಕಿಡಿ ಹಾರುವುದು ತೀರಾ ಅಪರೂಪವೆಂದು ನಾನೂ ಒಪ್ಪುತ್ತೇನೆ. ಆದರೆ ಬಂಕಿಗೆ ಗೋಡೆಯಿಲ್ಲ, ಗಾಳಿಯಾಡುತ್ತದೆ. ಭಟ್ಟಿಮನೆಯಲ್ಲೂ ಗೋದಾಮಿನಲ್ಲೂ ಆವಿ ಒಳಗೇ ಉಳಿಯಬಹುದು. ಪೀಪಾಯಿ ಗೋದಾಮಿನ ಬಾಗಿಲು ತೆಗೆದೊಡನೆ ಮೂಗಿಗೆ ಬಡಿಯುವ ಸಿಹಿ ಘಾಟಿದೆಯಲ್ಲ, ಅದು ಮರದೊಳಗಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗಿ ಹೋಗುವ ವಿಸ್ಕಿ. ಅದಕ್ಕೆ ‘ದೇವತೆಗಳ ಪಾಲು’ ಎಂದು ಹೆಸರು. (ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಈ ಪಾಲು ಶೇ. 10ರಿಂದ 12, ಅವರು ಒಂದು ವಿಸ್ಕಿಯನ್ನು ‘ಗ್ರೀಡಿ ಏಂಜೆಲ್ಸ್’ ಹೆಸರಿನಲ್ಲೇ ಮಾರಿದರು.) ಗಾಳಿಯಲ್ಲಿ ಎಥನಾಲ್ ಆವಿ ಶೇ. 3 ದಾಟಿದರೆ ಸಾಕು, ಕಿಡಿ ತಾಗಿದೊಡನೆ ಹತ್ತಿಕೊಳ್ಳಬಲ್ಲದು. 1960ರ ಮಾರ್ಚ್ 28ರಂದು ಗ್ಲಾಸ್ಗೋದ ಚೀಪ್‌ಸೈಡ್ ಬೀದಿಯ ಗೋದಾಮಿನಲ್ಲಿ ಹೀಗೆಯೇ ಆವಿ ಸಿಡಿದು, ಗೋಡೆಗಳು ಬೀದಿಗೆ ಉರುಳಿ, ಬೆಂಕಿ ಆರಿಸಲು ಬಂದ 19 ಜನ ಸತ್ತರು. ಅಲ್ಲಿ ಕ್ಯಾಮೆರಾ ಇರಲಿಲ್ಲ, ನಿಜ. ಆ ಸರಕಿನ ಸ್ವಭಾವ ಮಾತ್ರ ಇವತ್ತಿಗೂ ಅದೇ.

“ಫ್ಲಾಶ್ ಆಫ್ ಮಾಡಿದರಾಯ್ತು.” ಬ್ಯಾಟರಿ ಆಫ್ ಆಗುವುದಿಲ್ಲವಲ್ಲ. ಸೆಲ್ಫಿ ಭರದಲ್ಲಿ ಕೈಜಾರಿದ ಫೋನ್ ಕಬ್ಬಿಣದ ಮೆಟ್ಟಿಲಿಗೆ ಬಿದ್ದರೆ?

“ಕಂಪನಿಯವರೇ ಒಳಗೆ ಜಾಹೀರಾತು ತೆಗೀತಾರೆ.” ಅವರು ಭಟ್ಟಿ ನಿಲ್ಲಿಸಿ, ಆವಿ ಎಷ್ಟಿದೆ ಅಳೆದು ತೆಗೆಯಬಹುದು. ಗಂಟೆಗೊಂದು ತಂಡ ಬರುವಾಗ ಅದು ಆಗುವ ಮಾತಲ್ಲ.

“ಪಕ್ಕದ ಡಿಸ್ಟಿಲರಿಯಲ್ಲಿ ಬಿಟ್ಟರು. ಇವರದೇನೋ ಗುಟ್ಟಿದೆ.” ಗುಟ್ಟೆಂಥದು! ಐಲಾ ದ್ವೀಪದ ಕಲ್ ಈಲಾದಲ್ಲಿ ಭಟ್ಟಿಗಳು ಗಾಜಿನ ದೊಡ್ಡ ಗೋಡೆಯ ಹಿಂದೆ, ಸಮುದ್ರಕ್ಕೆ ಮುಖ ಮಾಡಿ ನಿಂತಿವೆ. ದೋಣಿಯಲ್ಲಿ ಹೋಗುವವರಿಗೂ ಕಾಣುತ್ತವೆ. ಸ್ಫೋಟಕ ಆವಿಗಳ ಕುರಿತ ಬ್ರಿಟನ್ನಿನ 2002ರ ನಿಯಮ ಫೋಟೋ ಬೇಡವೆಂದು ಹೇಳುವುದಿಲ್ಲ. ನಿಮ್ಮ ಕಟ್ಟಡದಲ್ಲಿ ಆವಿ ಎಲ್ಲೆಲ್ಲಿ ಸೇರೀತು, ನೀವೇ ಗುರುತು ಹಾಕಿ ಎನ್ನುತ್ತದೆ. ಕಿಟಕಿ, ಗಾಳಿ, ಚಾವಣಿ ಬೇರೆಯಾದಂತೆ ಗೆರೆಯೂ ಬೇರೆ.

ಇನ್ನು ಬಿಸಿನೀರಿನಲ್ಲಿ ಬಾರ್ಲಿ ಮಾಲ್ಟ್ ಕಲಸುವ ಹಂಡೆಯ ಹತ್ತಿರವೂ ಫೋಟೋ ಬೇಡ ಎನ್ನುವವರಿದ್ದಾರೆ. ಅಲ್ಲಿ ಇನ್ನೂ ಮದ್ಯವೇ ಹುಟ್ಟಿಲ್ಲ. ಕಾರಣ ಕೇಳಿ, ಗೈಡು ತಡವರಿಸಿದರೆ ನಾನೂ ನಿಮ್ಮ ಕಡೆಯೇ.