ಎಂಜಿನ್ನಿನ ಬಣ್ಣವೂ ಅಂಗಡಿಯ ಹೊಣೆಯೂ

ಹಳೆಯ ಕಾರನ್ನು ಮನೆಯ ಷೆಡ್ಡಿನಲ್ಲಿಯೇ ಬಿಚ್ಚಿ, ತಾವೇ ಜೋಡಿಸಿ, ತಾವೇ ಬಣ್ಣ ಬಳಿಯುವ ಹವ್ಯಾಸಿಗಳು ವಾಹನ ಬಿಡಿಭಾಗಗಳ ವರ್ತಕರಿಗೆ ಅಪರಿಚಿತರಲ್ಲ. ಅಂಬಾಸಿಡರ್ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತಾದರೂ ಅದನ್ನು ಜತನದಿಂದ ಉಳಿಸಿಕೊಂಡವರು ಇಂದಿಗೂ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಹುಡುಕಿಕೊಂಡು ಬರುತ್ತಾರೆ. ಇಂತಹ ಗ್ರಾಹಕನು ಎಂಜಿನ್ ಬ್ಲಾಕಿಗೆಂದು ಎರಡು ಡಬ್ಬಿ ಸ್ಪ್ರೇ ಬಣ್ಣ ಕೊಳ್ಳುತ್ತಾನೆ. ಕೆಲವೇ ತಿಂಗಳುಗಳಲ್ಲಿ ಬಣ್ಣ ಹಪ್ಪಳದಂತೆ ಎದ್ದು ಬಂದಾಗ ಅದೇ ಅಂಗಡಿಯ ಮುಂದೆ ನಿಂತು ಮಾಲು ಕಳಪೆಯೆಂದು ದೂರುತ್ತಾನೆ. ವರ್ತಕನು ಕಂಪನಿಯತ್ತ ಕೈ ತೋರಿಸುತ್ತಾನೆ. ದೋಷವು ಬಹುಪಾಲು ಡಬ್ಬಿಯೊಳಗೆ ಇರುವುದಿಲ್ಲ. ಬಣ್ಣ ಬಳಿಯುವ ಮುನ್ನ ಆಗಬೇಕಾಗಿದ್ದ ಕೆಲಸ ಆಗದಿರುವುದರಲ್ಲಿ ಇರುತ್ತದೆ. ಆ ಕೆಲಸವನ್ನು ತಿಳಿಸಿ ಹೇಳುವ ಹೊಣೆ ಬಣ್ಣ ಮಾರುವ ಅಂಗಡಿಯದೂ ಹೌದು.

ಅಂಬಾಸಿಡರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಬ್ಲಾಕು ಎರಕದ ಕಬ್ಬಿಣದ್ದು. ಮರಳಿನ ಅಚ್ಚಿನಲ್ಲಿ ಎರೆದುದಾದ್ದರಿಂದ ಅದರ ಹೊರಮೈ ಒರಟು, ಆ ಒರಟಿನ ಸಂದುಗಳಲ್ಲಿ ವರ್ಷಗಟ್ಟಲೆ ಎಣ್ಣೆ ಮತ್ತು ಧೂಳು ಕೂತಿರುತ್ತದೆ. ಮನೆಯಲ್ಲಿ ಕೆಲಸ ಮಾಡುವವರು ಮೊದಲು ಕೈಗೆತ್ತಿಕೊಳ್ಳುವುದು ವೈರ್ ಬ್ರಷ್ಷನ್ನು. ತಪ್ಪು ಆರಂಭವಾಗುವುದೇ ಇಲ್ಲಿ. ಜಿಡ್ಡಿನ ಮೇಲೆ ಬ್ರಷ್ ಉಜ್ಜಿದರೆ ಜಿಡ್ಡು ಹೋಗುವುದಿಲ್ಲ, ಮೈತುಂಬ ಹರಡಿ ಸಂದುಗಳಲ್ಲಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಮೊದಲು ಜಿಡ್ಡು, ಆಮೇಲೆ ತುಕ್ಕು ಮತ್ತು ಹಳೆಯ ಬಣ್ಣ ಎಂಬುದೇ ಸರಿಯಾದ ಕ್ರಮ. ಸೀಮೆಎಣ್ಣೆಯಲ್ಲಿ ತೊಳೆದ ಮಾತ್ರಕ್ಕೆ ಕೆಲಸ ಮುಗಿಯದು, ಏಕೆಂದರೆ ಸೀಮೆಎಣ್ಣೆಯೇ ತೆಳುವಾದ ಪೊರೆಯೊಂದನ್ನು ಉಳಿಸುತ್ತದೆ. ಅದರ ನಂತರ ಸಾಬೂನು ಪುಡಿ ಬೆರೆಸಿದ ಬಿಸಿನೀರಿನಿಂದ ತಿಕ್ಕಿ ತೊಳೆಯಬೇಕು. (ಪೆಟ್ರೋಲಿನಲ್ಲಿ ತೊಳೆಯುವ ದುಸ್ಸಾಹಸವನ್ನು ಅಂಗಡಿಯವರು ಗ್ರಾಹಕನಿಗೆ ಸ್ಪಷ್ಟವಾಗಿ ಬೇಡವೆನ್ನಬೇಕು.) ಮೈ ಶುದ್ಧವಾಗಿದೆಯೇ ಎಂದು ತಿಳಿಯಲು ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ: ನೀರು ಚಿಮುಕಿಸಿದಾಗ ಅದು ಒಂದೇ ಪದರವಾಗಿ ಹರಡಿಕೊಂಡರೆ ಜಿಡ್ಡಿಲ್ಲ, ಮಣಿಗಳಾಗಿ ನಿಂತರೆ ಇನ್ನೂ ಇದೆ.

ತೊಳೆದ ಕಬ್ಬಿಣ ಕಾಯುವುದಿಲ್ಲ. ಒದ್ದೆ ಮೈಯ ಮೇಲೆ ಕೆಲವೇ ಗಂಟೆಗಳಲ್ಲಿ ಕಂದು ತುಕ್ಕು ಮೂಡುತ್ತದೆ. ಮಂಗಳೂರು, ಕಾರವಾರಗಳ ಕಡಲ ಹವೆಯಲ್ಲಿ ಇನ್ನೂ ಬೇಗ. ಆದುದರಿಂದ ಒಡನೆಯೇ ಒಣಗಿಸಿ, ಸಿಲಿಂಡರುಗಳ ಒಳಗೋಡೆಗೆ ತೆಳುವಾಗಿ ಎಂಜಿನ್ ಆಯಿಲ್ ಸವರಿ, ಕಡೆದು ನಯಗೊಳಿಸಿದ ಮೇಲ್ಮುಖವನ್ನು ರಟ್ಟು ಮತ್ತು ಮಾಸ್ಕಿಂಗ್ ಟೇಪಿನಿಂದ ಮುಚ್ಚಬೇಕು. ಬೋಲ್ಟಿನ ತೂತುಗಳಿಗೂ ಎಣ್ಣೆಯ ನಾಳಗಳಿಗೂ ಬಿರಡೆ ಬೇಕು. ಬಣ್ಣ ಹಾಕುವ ಮುನ್ನ ಹೊರಮೈಯನ್ನು ನೂಲು ಬಿಡದ ಬಟ್ಟೆಯಿಂದ ಥಿನ್ನರ್ ಹಚ್ಚಿ ಒರೆಸಿ, ಅದೇ ದಿನ ಪ್ರೈಮರ್ ಕೊಡಬೇಕು. ಗ್ಯಾರೇಜುಗಳ ಕಾಟನ್ ವೇಸ್ಟ್ ಈ ಕಡೆಯ ಹಂತಕ್ಕೆ ತಕ್ಕುದಲ್ಲ. ಅದರ ಎಳೆಗಳು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತವೆ.

ಶ್ರಮ ತಪ್ಪಿಸಿಕೊಳ್ಳಲು ಕೆಲವರು ಬ್ಲಾಕನ್ನು ಮರಳು ಚಿಮ್ಮಿಸುವ ಘಟಕಕ್ಕೆ ಒಯ್ಯುತ್ತಾರೆ. ಹೊರಗೆ ಬೆಳ್ಳಗಾಗುವುದು ನಿಜ, ಆದರೆ ಎಣ್ಣೆಯ ನಾಳದಲ್ಲಿ ಉಳಿದ ಮರಳು ಎಂಜಿನ್ ಚಾಲನೆಗೊಂಡ ಕೂಡಲೇ ಬೇರಿಂಗುಗಳನ್ನು ಅರೆದು ಹಾಕುತ್ತದೆ. ಆ ದೂಳನ್ನು ಉಸಿರಾಡುವ ಕಾರ್ಮಿಕನ ಶ್ವಾಸಕೋಶದ ಗತಿಯೂ ಬೇರೆಯಲ್ಲ. ಸಿಲಿಕೋಸಿಸ್ ರೋಗವು 1948ರ ಕಾರ್ಖಾನೆ ಕಾಯ್ದೆಯ ಅಧಿಸೂಚಿತ ರೋಗಗಳ ಪಟ್ಟಿಯಲ್ಲಿಯೇ ಸೇರಿತ್ತು. ಕಾಸ್ಟಿಕ್ ಸೋಡಾ ತೊಟ್ಟಿಯಲ್ಲಿ ಅದ್ದುವ ಪದ್ಧತಿ ಕಬ್ಬಿಣಕ್ಕೆ ಸಲ್ಲುತ್ತದೆ. ಅಲ್ಯೂಮಿನಿಯಂ ಬ್ಲಾಕನ್ನೋ ಹೆಡ್ಡನ್ನೋ ಅದರಲ್ಲಿ ಇಳಿಸಿದರೆ ಲೋಹವೇ ಕರಗತೊಡಗುತ್ತದೆ. ಗ್ರಾಹಕನ ಕಾರು ಯಾವುದೆಂದು ಕೇಳದೆಯೇ ಕಾಸ್ಟಿಕ್ ಪೊಟ್ಟಣ ಕೊಡುವ ಅಂಗಡಿ ಈ ನಷ್ಟದಲ್ಲಿ ಪಾಲುದಾರನಾಗುತ್ತದೆ.

ಮತ್ತೊಂದು ಎಚ್ಚರಿಕೆ ಕಾನೂನಿಗೆ ಸಂಬಂಧಿಸಿದ್ದು. ಬ್ಲಾಕಿನ ಮೇಲಿನ ಎಂಜಿನ್ ಸಂಖ್ಯೆ ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. ಉತ್ಸಾಹದಲ್ಲಿ ಗ್ರೈಂಡರ್ ಹಿಡಿದು ಅದನ್ನು ಸವೆಸಿದವನು ಮುಂದೆ ಆರ್.ಟಿ.ಒ. ಕಚೇರಿಯಲ್ಲಿ ಕೊಡಬೇಕಾದ ವಿವರಣೆ ಸುಲಭದ್ದಲ್ಲ. ಆ ಭಾಗವನ್ನು ಕೈಯಿಂದಲೇ ಮೃದುವಾಗಿ ಶುಚಿಗೊಳಿಸಿ ಟೇಪು ಹಚ್ಚಬೇಕು.

ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಇಷ್ಟೆಲ್ಲ ಬೋಧಿಸಲು ಪುರುಸೊತ್ತೆಲ್ಲಿ ಎಂಬುದು ವರ್ತಕರ ಆಕ್ಷೇಪಣೆ. ಅದು ಅಸಹಜವಲ್ಲ. ಆದರೆ ಬಣ್ಣದ ಜೊತೆಗೆ ಜಿಡ್ಡು ತೆಗೆಯುವ ದ್ರಾವಣ, ವೈರ್ ಬ್ರಷ್, ಎಮರಿ ಪೇಪರ್, ಟೇಪು, ರಬ್ಬರ್ ಬಿರಡೆ, ಕೈಗವಸುಗಳನ್ನು ಒಂದೇ ಕಟ್ಟಾಗಿ ಇಟ್ಟರೆ ಬೋಧನೆಯ ಅರ್ಧಭಾಗ ತಾನಾಗಿ ಆಗುತ್ತದೆ, ಮಾರಾಟವೂ ಹೆಚ್ಚುತ್ತದೆ. ಬಿರಡೆಗಳನ್ನು ಅಳತೆಗೆ ತಕ್ಕಂತೆ ಮಾಡಿಕೊಡುವುದು ಸಣ್ಣ ರಬ್ಬರ್ ಘಟಕಗಳಿಗೆ ಕಷ್ಟದ ಕೆಲಸವೇನಲ್ಲ. ತೊಳೆದುಳಿದ ಎಣ್ಣೆಯನ್ನು ಚರಂಡಿಗೆ ಸುರಿಯದೆ, ಪರಿಚಯದ ಗ್ಯಾರೇಜಿನ ಪೀಪಾಯಿಗೆ ಸೇರಿಸುವಂತೆಯೂ ಗ್ರಾಹಕನಿಗೆ ತಿಳಿಸಬಹುದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಧಿಕೃತ ಸಂಸ್ಕರಣಾ ಘಟಕಕ್ಕೆ ಹೋಗಬೇಕು.

ಬೋಧನೆಯ ಉಳಿದರ್ಧಕ್ಕೆ ಒಂದು ಪುಟದ ಕನ್ನಡ ಕರಪತ್ರ ಸಾಕು. ಡಬ್ಬಿಯ ಮೇಲಿನ ಸಣ್ಣಕ್ಷರದ ಇಂಗ್ಲಿಷ್ ಸೂಚನೆಯನ್ನು ಭೂತಗನ್ನಡಿ ಹಿಡಿದು ಓದುವವರು ಕಡಿಮೆ. ಬಣ್ಣದ ಕಂಪನಿಗಳ ಪ್ರತಿನಿಧಿಗಳು ಮುಂದಿನ ಆರ್ಡರಿಗಾಗಿ ಬಂದಾಗ ವರ್ತಕರು ರಿಯಾಯಿತಿಯ ಜೊತೆಗೆ ಈ ಕರಪತ್ರವನ್ನೂ ಕೇಳಬೇಕು. ಅದರ ಮುದ್ರಣದ ವೆಚ್ಚವನ್ನು ಕಂಪನಿಯೇ ಭರಿಸುವುದು ನ್ಯಾಯ.